ಕರದಂಟಿನ ಡಬ್ಬಿಯಲ್ಲಿ ಸೈಬೀರಿಯಾ

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಯೋಗಕ್ಕೆ ಫ್ರಿಜ್ಜಿನ ಮೇಲಿನ ಖಾನೆ ಮೂರು ದಿನ ಪೂರ್ತಿ ಬೇಕು. ಮನೆಯಲ್ಲಿ ಕೇಳಿ, ಒಪ್ಪಿಗೆ ತಗೊಂಡೇ ಶುರು ಮಾಡಿ. ನಾನು ಕೇಳದೆ ಶುರು ಮಾಡಿದ್ದೆ. "ಫ್ರಿಜ್ಜಿನ್ಯಾಗ ಎರಿಮಣ್ಣು ಇಟ್ಟೀರಿ. ಇನ್ನ ಕಾಯಿಪಲ್ಲೆ ಹೊಲದಾಗ ಇಡೂಣೇನ್ರಿ?" ಅಂತ ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮದು ಎರೆ ಸೀಮೆ. ನಮ್ಮ ಮಕ್ಕಳು ಮಂಜು ನೋಡಿರುವುದು ಬರ್ಫದ ಗಾಡಿಯಲ್ಲಿ ಮಾತ್ರ. ಒಂಬತ್ತನೇ ತರಗತಿಗೆ ಹವಾಮಾನದ ಬಗ್ಗೆ ಹೇಳುವಾಗ ಪರ್ಮಾಫ್ರಾಸ್ಟ್ ಅನ್ನುವ ಶಬ್ದ ಬಂತು. "ಅಂದರೆ ಕಾಯಂ ಆಗಿ ಹೆಪ್ಪುಗಟ್ಟಿದ ನೆಲ" ಅಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ನೆಲಕ್ಕ ಹೆಪ್ಪು ಹಾಕೋರು ಯಾರ್ರಿ?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಸಂಜೆ ಬಸ್ಸಿನಲ್ಲಿ ಕೂತಾಗ ಅನ್ನಿಸಿತು, ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಗಟ್ಟಿ ಮೊಸರನ್ನು ಕಲಕಿದರೆ ಒಡೆದು ನೀರು ಬಿಡುತ್ತದೆ. ಮತ್ತೆ ಗಟ್ಟಿಯಾಗುವುದಿಲ್ಲ. ಹೆಪ್ಪುಗಟ್ಟಿದ ನೆಲದ ಕಥೆಯೂ ಹೆಚ್ಚುಕಮ್ಮಿ ಇದೇ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸೋಕೆ ಆಗಲ್ಲ. ಕೈಗೆ ಕೆಸರು ಹತ್ತಬೇಕು. ಮೂರು ಸಲ ಮಾಡಿ, ಎರಡು ಸಲ ಕೆಡಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಮೊದಲನೇ ಸಲವೇ ಗೆಲ್ಲಬಹುದು.

ಮಣ್ಣು ಮುಟ್ಟುವ ಮುಂಚೆ

ಯಾವ ನೆಲ ಸತತವಾಗಿ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇರುತ್ತದೋ ಅದು ಪರ್ಮಾಫ್ರಾಸ್ಟ್. ಅಷ್ಟೇ ವ್ಯಾಖ್ಯೆ. ಇದರಲ್ಲಿ ಮಂಜುಗಡ್ಡೆಯ ಮಾತೇ ಇಲ್ಲ, ಗಮನಿಸಿದಿರಾ? ಒಣ ಬಂಡೆ ಎರಡು ವರ್ಷ ಅಷ್ಟು ತಣ್ಣಗಿದ್ದರೆ ಅದೂ ಪರ್ಮಾಫ್ರಾಸ್ಟೇ. ಆದರೆ ಆ ಬಂಡೆ ಬಿಸಿಯಾದರೆ ಏನೂ ಆಗುವುದಿಲ್ಲ. ಮಣ್ಣಿನ ನಡುವೆ ಮಂಜುಗಡ್ಡೆ ತುಂಬಿಕೊಂಡಿದ್ದರೆ ಮಾತ್ರ ತಾಪತ್ರಯ. ಈ ಒಂದು ವ್ಯತ್ಯಾಸ ಮಕ್ಕಳ ಕಣ್ಣಿಗೆ ಬೀಳಬೇಕು. ನಮ್ಮ ಇಡೀ ಪ್ರಯೋಗ ಇರುವುದು ಅದಕ್ಕೇ.

ಇಂಥ ನೆಲ ಎಲ್ಲೋ ಮೂಲೆಯಲ್ಲಿ ಚೂರು ಇರುವುದಲ್ಲ. ಉತ್ತರ ಗೋಳಾರ್ಧದ ಒಟ್ಟು ಭೂಮಿಯಲ್ಲಿ ಸುಮಾರು ಕಾಲು ಭಾಗ ಈ ವಲಯಕ್ಕೆ ಸೇರುತ್ತದೆ. ರಷ್ಯಾದ ಅರ್ಧಕ್ಕಿಂತ ಜಾಸ್ತಿ ನೆಲ ಹೀಗೇ ಇದೆ. ಅಲಾಸ್ಕಾ, ಕೆನಡಾದ ಉತ್ತರ ಭಾಗ, ಟಿಬೆಟ್ ಪ್ರಸ್ಥಭೂಮಿಯಲ್ಲೂ ಇದೆ. ನಮ್ಮ ಲಡಾಖಿನ ಎತ್ತರದ ಜಾಗಗಳಲ್ಲೂ ಇದೆ. "ನಮ್ಮ ಕಾಕಾ ಲಡಾಖದಾಗ ಮಿಲಿಟ್ರಿಯೊಳಗ ಅದಾನ್ರಿ ಸರ" ಅಂದ ಒಬ್ಬ ಹುಡುಗ. ಫೋನ್ ಮಾಡಿ ಕೇಳಿಕೊಂಡು ಬಾ ಅಂದೆ. ಮರುದಿನ ಬಂದು ಹೇಳಿದ: ಬೇಸಿಗೆಯಲ್ಲೂ ಸ್ವಲ್ಪ ಅಗೆದ ಮೇಲೆ ಗುದ್ದಲಿ ಕಲ್ಲಿಗೆ ಬಿದ್ದ ಹಾಗೆ ಠಣ್ ಅಂತದಂತೆ. ಕಲ್ಲಲ್ಲ, ಮಣ್ಣೇ ಅಂತೆ. ಪಾಠ ಅರ್ಧ ಅಲ್ಲೇ ಮುಗಿಯಿತು.

ಇನ್ನೊಂದು ವಿಷಯ. ಮೇಲಿನ ಒಂದಿಷ್ಟು ಪದರ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಕೆಲವು ಕಡೆ ಅದು ಒಂದು ಅಡಿ, ಕೆಲವು ಕಡೆ ಒಂದೆರಡು ಮೀಟರ್. ಹುಲ್ಲು, ಪಾಚಿ, ಗಿಡ ಎಲ್ಲಾ ಬೆಳೆಯುವುದು ಆ ಪದರದಲ್ಲೇ. ಕೆಳಗಿನದು ಮಾತ್ರ ಕದಲುವುದಿಲ್ಲ. ಕದಲಬಾರದು.

ಬೇಕಾಗುವ ಸಾಮಾನು

ಒಂದೇ ಅಳತೆಯ ಮೂರು ಪ್ಲಾಸ್ಟಿಕ್ ಡಬ್ಬಿ. ನಾನು ಅಮೀನಗಡದ ಕರದಂಟು ತಂದಿದ್ದ ಅರ್ಧ ಕೆ.ಜಿ. ಡಬ್ಬಿಗಳನ್ನು ತಗೊಂಡೆ. ಪ್ಲಾಸ್ಟಿಕ್ ಪಾರದರ್ಶಕವಾಗಿದ್ದರೆ ಒಳ್ಳೆಯದು, ಪಕ್ಕದಿಂದ ಪದರ ಕಾಣುತ್ತದೆ. ಇವು ಹಿಡಿಸುವಷ್ಟು ದೊಡ್ಡ ಥರ್ಮೋಕೋಲ್ ಪೆಟ್ಟಿಗೆ, ಮುಚ್ಚಳ ಬೇಡ. ಔಷಧಿ ಅಂಗಡಿಯವರು ಎಸೆಯುವುದನ್ನು ಕೇಳಿದರೆ ಕೊಡುತ್ತಾರೆ. ಐಸ್‌ಕ್ಯಾಂಡಿ ಕಡ್ಡಿ ನಾಲ್ಕು. ಒಂದೇ ತರಹದ ಸಣ್ಣ ಸ್ಟೀಲ್ ಬಟ್ಟಲು ಮೂರು, ಇವೇ ನಮ್ಮ ಮನೆಗಳು. ಬಟ್ಟೆಗೆ ಹಾಕುವ ನೀಲಿ. ಸ್ಕೇಲು. ಜ್ಯೂಸ್ ಕುಡಿಯುವ ಕೊಳವೆ. ಥರ್ಮಾಮೀಟರ್ ಇದ್ದರೆ ಕೆಂಪು ದ್ರವದ್ದು ಇರಲಿ, ಪಾದರಸದ್ದು ಬೇಡವೇ ಬೇಡ.

ಮಣ್ಣಿನ ವಿಷಯಕ್ಕೆ ಬರೋಣ. ಮೊದಲನೇ ಸಲ ನಾನು ಸೋತದ್ದು ಇಲ್ಲೇ. ಊರ ತುಂಬ ಎರೆ ಇರುವಾಗ ಬೇರೆ ಮಣ್ಣು ಯಾಕೆ ಅಂತ ಎರೆಮಣ್ಣನ್ನೇ ತುಂಬಿದೆ. ಎರೆಯ ಗುಣ ನಿಮಗೆ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಂಜು ಕರಗಿದ ನೀರನ್ನೆಲ್ಲ ಅದೇ ಕುಡಿದು ಉಬ್ಬಿಕೊಂಡು ಕೂತಿತು. ಬಟ್ಟಲು ಕುಸಿಯಲೇ ಇಲ್ಲ. ಮಕ್ಕಳು ನನ್ನ ಮುಖ ನೋಡಿದರು, ನಾನು ಡಬ್ಬಿ ನೋಡಿದೆ.

ಹಾಗಾಗಿ ಹೊಳೆ ದಂಡೆಯ ಮೆಕ್ಕಲು ಮಣ್ಣು ತನ್ನಿ. ನಾನು ಕೂಡಲಸಂಗಮಕ್ಕೆ ಹೋದಾಗ ಮಲಪ್ರಭೆ ದಂಡೆಯಿಂದ ಒಂದು ಚೀಲ ತಂದೆ. ಬೆರಳಿನ ನಡುವೆ ಉಜ್ಜಿದರೆ ಮೈದಾ ಹಿಟ್ಟಿನ ಹಾಗೆ ನುಣ್ಣಗಿರಬೇಕು, ಅಂಟಬಾರದು. ರಷ್ಯಾದ ಸೈಬೀರಿಯಾದಲ್ಲಿ ಯೆಡೋಮಾ ಅಂತ ಕರೆಯುವ ನೆಲವೂ ಇಂಥದೇ ನುಣುಪು ಮಣ್ಣಿನದು. ಅದರೊಳಗೆ ಅರ್ಧಕ್ಕಿಂತ ಜಾಸ್ತಿ ಭಾಗ ಬರೀ ಮಂಜುಗಡ್ಡೆ ಇರುವ ಜಾಗಗಳಿವೆ.

ಮೂರು ಡಬ್ಬಿಗೂ ಒಂದೇ ಮಣ್ಣು ಹಾಕಿ. ಒಂದಕ್ಕೆ ಗರಸು, ಇನ್ನೊಂದಕ್ಕೆ ಮೆಕ್ಕಲು ಹಾಕಿದರೆ ಮಕ್ಕಳು ತಪ್ಪನ್ನೆಲ್ಲ ಮಣ್ಣಿನ ಮೇಲೆ ಹೊರಿಸಿಬಿಡುತ್ತಾರೆ.

ಹೆಪ್ಪು ಹಾಕುವ ಬಗೆ

ಮೊದಲನೇ ಡಬ್ಬಿ ಸುಲಭ. ಮಣ್ಣಿಗೆ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಡಬ್ಬಿಗೆ ಹಾಕಿ ಬಟ್ಟಲಿನ ತಳದಿಂದ ಚೆನ್ನಾಗಿ ಒತ್ತಿ. ಮೇಲೆ ಒಂದು ಬೆರಳು ಜಾಗ ಬಿಟ್ಟು ಫ್ರೀಜರಿಗೆ ಇಡಿ. ಇದು ಮಂಜು ಕಡಿಮೆ ಇರುವ ನೆಲ.

ಎರಡನೆಯದಕ್ಕೂ ಮೂರನೆಯದಕ್ಕೂ ಸ್ವಲ್ಪ ತಾಳ್ಮೆ ಬೇಕು. ಮಣ್ಣನ್ನು ಇದೇ ಹದಕ್ಕೆ ತಂದು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಮಣ್ಣು ತಣ್ಣಗಾಗದಿದ್ದರೆ ಐಸ್ ಹಾಕಿದ ಕೂಡಲೇ ಕರಗಿ ರಾಡಿಯಾಗುತ್ತದೆ. ಬೆಳಗ್ಗೆ ಐಸ್ ತುಂಡುಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಜಜ್ಜಿ. ಕಲ್ಲುಪ್ಪಿನಷ್ಟು ಚೂರಾದರೆ ಸಾಕು. ಒಂದು ಪದರ ಮಣ್ಣು, ಒಂದು ಪದರ ಐಸ್, ಮತ್ತೆ ಮಣ್ಣು, ಮತ್ತೆ ಐಸ್. ಮಣ್ಣು ಎಷ್ಟೋ ಐಸೂ ಅಷ್ಟೇ. ಕೊನೆಯ ಪದರ ಮಣ್ಣಿನದಿರಲಿ. ಬೇಗ ಬೇಗ ಮುಗಿಸಿ. ನಮ್ಮ ಕಡೆ ಮೇ ತಿಂಗಳಲ್ಲಿ ಐಸ್ ನಿಮ್ಮನ್ನು ಕಾಯುತ್ತಾ ಕೂರುವುದಿಲ್ಲ.

ಎರಡನೇ ಡಬ್ಬಿಯಲ್ಲಿ ಇನ್ನೊಂದು ಕೆಲಸ ಇದೆ. ದಪ್ಪ ರಟ್ಟನ್ನು ಗಳೆಯ ಕುಳದ ಹಾಗೆ ಕೆಳಗೆ ಚೂಪು, ಮೇಲೆ ಅಗಲ ಬರುವಂತೆ ಮಡಚಿ, ಪ್ಲಾಸ್ಟಿಕ್ ಸುತ್ತಿ, ಮಣ್ಣಿನೊಳಗೆ ಎರಡು ಬೆರಳು ಆಳ ಚುಚ್ಚಿಡಿ. ಐದಾರು ತಾಸು ಗಟ್ಟಿಯಾದ ಮೇಲೆ ರಟ್ಟು ಕಿತ್ತು, ಆ ಸಂದಿಗೆ ನೀಲಿ ಕಲಸಿದ ತಣ್ಣೀರು ಸುರಿದು ಮತ್ತೆ ಒಳಗಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೂರನೇ ಡಬ್ಬಿಯಲ್ಲಿ ಗಟ್ಟಿಯಾಗುವ ಮುಂಚೆಯೇ ನಾಲ್ಕು ಐಸ್‌ಕ್ಯಾಂಡಿ ಕಡ್ಡಿಗಳನ್ನು ನೆಟ್ಟಗೆ ತಳದವರೆಗೆ ಇಳಿಸಿ. ಮೇಲೆ ಎರಡು ಬೆರಳಾದರೂ ಉಳಿಯಬೇಕು. ಕಡ್ಡಿ ಗಿಡ್ಡ ಇದ್ದರೆ ಮಣ್ಣು ಕಡಿಮೆ ತುಂಬಿ. ಮೊಳೆ ಉಪಯೋಗಿಸಬೇಡಿ. ನಾನು ಮೊಳೆ ಹಾಕಿದ್ದೆ. ಬಟ್ಟಲಿನ ಬಿಸಿಯನ್ನು ಕಬ್ಬಿಣ ನೇರ ಕೆಳಗೆ ಇಳಿಸಿ, ತನ್ನ ಸುತ್ತಲಿನ ಐಸನ್ನು ತಾನೇ ಕರಗಿಸಿಕೊಂಡು ವಾಲಿ ಬಿತ್ತು.

ಮೂರರಲ್ಲೂ ಒಂದು ಮೂಲೆಗೆ ಕೊಳವೆ ತುಂಡು ಹೂತಿಡಿ. ಆಮೇಲೆ ಅದರೊಳಗೆ ಥರ್ಮಾಮೀಟರ್ ಇಳಿಸಬಹುದು. ಥರ್ಮಾಮೀಟರನ್ನೇ ಹೂತು ಫ್ರೀಜರಿಗೆ ಇಟ್ಟರೆ ಒಡೆಯುತ್ತದೆ. ನೀರು ಗಟ್ಟಿಯಾದಾಗ ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದಲ್ವಾ, ಗಾಜು ತಡೆಯುವುದಿಲ್ಲ. ಈ ಪಾಠಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ.

ಎರಡು ರಾತ್ರಿ ಪೂರ್ತಿ ಬಿಡಿ. ಕರೆಂಟು ಹೋದರೆ ಮೂರು.

ಒಂದು ಚುರುಕು ಹುಡುಗ ಕೇಳಿದ: "ಸರ, ಎರಡು ವರ್ಷ ಫ್ರಿಜ್ಜಿನ್ಯಾಗ ಇಟ್ಟರ ಇದು ಖರೇನ ಪರ್ಮಾಫ್ರಾಸ್ಟ್ ಆಗತೈತೇನ್ರಿ?" ಲೆಕ್ಕದ ಪ್ರಕಾರ ಆಗುತ್ತದೆ ಅಂದೆ. ಆದರೆ ನಾನು ಮನೆಯಲ್ಲಿ ಉಳಿಯುವುದಿಲ್ಲ.

ಕರಗಿಸುವುದೇ ನಿಜವಾದ ಕೆಲಸ

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಡಬ್ಬಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಶಾಲೆಗೆ ಒಯ್ದೆ. ತಂದ ಕೂಡಲೇ ಮೂರನ್ನೂ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಸಂದಿಗಳಿಗೆ ಹಳೇ ಬಟ್ಟೆ ತುರುಕಿ. ಬಿಸಿ ಮೇಲಿನಿಂದ ಮಾತ್ರ ತಾಗಬೇಕು. ಎರಡನೇ ಸಲ ನಾನು ಕೆಡಿಸಿದ್ದು ಇದನ್ನು ಮರೆತು. ಬರೀ ಡಬ್ಬಿ ಮೇಜಿನ ಮೇಲಿಟ್ಟರೆ ನಾಲ್ಕೂ ಕಡೆಯಿಂದ ಕರಗಿ ನಡುವೆ ಒಂದು ಗಡ್ಡೆ ತೇಲುತ್ತದೆ. ಬೇಸಿಗೆಯ ಬಿಸಿಲಿಗೆ ನಿಜವಾದ ನೆಲ ಕರಗುವುದು ಮೇಲಿನಿಂದ ಕೆಳಕ್ಕೆ.

ಮೊದಲು ಮಕ್ಕಳಿಗೆ ಮುಟ್ಟಿಸಿ, ಕಾಂಪಾಸಿನ ಮೊನೆಯಿಂದ ಚುಚ್ಚಿಸಿ. ಮೂರೂ ಡಬ್ಬಿ ಕಲ್ಲಿನ ಹಾಗಿರುತ್ತವೆ. ಯಾವುದರಲ್ಲಿ ಐಸ್ ಜಾಸ್ತಿ ಅಂತ ಮೇಲಿನಿಂದ ನೋಡಿ ಹೇಳಿ ಅಂದೆ. ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿನ ಎಂಜಿನಿಯರುಗಳ ಕಷ್ಟವೂ ಇದೇ. ಅದಕ್ಕೇ ಕಟ್ಟುವ ಮುಂಚೆ ನೆಲ ಕೊರೆದು, ಉದ್ದನೆಯ ಮಣ್ಣಿನ ಕಂಬಿ ಹೊರಗೆ ತೆಗೆದು, ಅದರಲ್ಲಿ ಮಂಜು ಎಷ್ಟಿದೆ ಅಂತ ನೋಡುತ್ತಾರೆ.

ಈಗ ಬಟ್ಟಲು. ಒಂದನೇ ಮತ್ತು ಎರಡನೇ ಡಬ್ಬಿಯ ಮಣ್ಣಿನ ಮೇಲೆ ನೇರವಾಗಿ ಒಂದೊಂದು ಬಟ್ಟಲು ಇಡಿ. ಮೂರನೆಯದನ್ನು ಕಡ್ಡಿಗಳ ಮೇಲೆ ರಟ್ಟು ಹಾಸಿ ಅದರ ಮೇಲಿಡಿ. ಕೆಳಗೆ ಗಾಳಿ ಆಡಬೇಕು. ಮೂರಕ್ಕೂ ಬಿಸಿನೀರು ಹಾಕಿ, ಹತ್ತು ನಿಮಿಷಕ್ಕೊಮ್ಮೆ ಬದಲಿಸಿ. ಚಳಿ ದೇಶದ ಮನೆಯೊಳಗೆ ಒಲೆ ಉರಿಯುತ್ತಿರುತ್ತದಲ್ಲ, ಇದು ಅದು. ಬಟ್ಟಲಿನ ಅಂಚು ಡಬ್ಬಿಯ ಅಂಚಿನಿಂದ ಎಷ್ಟು ಕೆಳಗಿದೆ ಅಂತ ಕಾಲು ತಾಸಿಗೊಮ್ಮೆ ಅಳೆದು ಬರೆದುಕೊಳ್ಳಿ. ಅಳೆಯುವ ಕೆಲಸ ಒಬ್ಬರಿಗೆ, ಬರೆಯುವ ಕೆಲಸ ಇನ್ನೊಬ್ಬರಿಗೆ. ಇಲ್ಲದಿದ್ದರೆ ಜಗಳ ಆಗುತ್ತದೆ.

ನಮ್ಮ ಶಾಲೆಯಲ್ಲಿ ಆದದ್ದು ಹೇಳುತ್ತೇನೆ. ಒಂದನೇ ಡಬ್ಬಿಯ ಬಟ್ಟಲು ಒಂದು ತಾಸಿನಲ್ಲಿ ಒಂದೆರಡು ಮಿಲಿಮೀಟರ್ ಕೂತಿತು, ಅಷ್ಟೇ. ಎರಡನೆಯದು ಮೊದಲ ಕಾಲು ತಾಸು ಸುಮ್ನೆ ಕೂತಿತ್ತು. ಆಮೇಲೆ ಒಂದು ಮಗ್ಗುಲಿಗೆ ವಾಲಿತು. ಒಂದು ತಾಸಾಗುವಷ್ಟರಲ್ಲಿ ಹೆಬ್ಬೆರಳಿನಷ್ಟು ಇಳಿದು, ಸುತ್ತ ನೀಲಿ ನೀರು ನಿಂತಿತು. "ಸರ, ಮೊಸರು ಒಡದ್ಹಂಗ ಆತು" ಅಂದಳು ಅದೇ ಹುಡುಗಿ. ನಾನು ಕಾಯುತ್ತಿದ್ದ ಮಾತು ಅದು.

ಯಾಕೆ ಹೀಗೆ? ಒಂದನೇ ಡಬ್ಬಿಯಲ್ಲಿ ಮಣ್ಣಿನ ಕಣ ಕಣಕ್ಕೆ ತಾಗಿಕೊಂಡಿದೆ. ಭಾರ ಹೊರುವುದು ಕಣಗಳೇ. ಎರಡನೆಯದರಲ್ಲಿ ಕಣಗಳನ್ನು ಐಸ್ ದೂರ ದೂರ ಹಿಡಿದಿತ್ತು. ಕರದಂಟನ್ನು ನೆನಪಿಸಿಕೊಳ್ಳಿ. ಗೋಡಂಬಿ, ಕೊಬ್ಬರಿ, ಹುರಿದ ಅಂಟು, ಎಲ್ಲಕ್ಕೂ ನಡುವೆ ಬೆಲ್ಲದ ಪಾಕ. ಪಾಕ ಗಟ್ಟಿ ಇದ್ದರೆ ತುಂಡು ಕಲ್ಲು. ಪಾಕ ಇಳಿದರೆ ಎಲ್ಲ ಬಿಡಿ ಬಿಡಿ. ಎರಡನೇ ಡಬ್ಬಿಯಲ್ಲಿ ಮನೆ ಹೊತ್ತಿದ್ದು ಮಣ್ಣಲ್ಲ, ಮಂಜು. ನನ್ನ ಅಪ್ಪ ಗೌಂಡಿ. "ಪಾಯಾ ಗಟ್ಟಿ ನೆಲಕ್ಕ ಮುಟ್ಟಬೇಕು" ಅಂತ ಯಾವಾಗಲೂ ಹೇಳುತ್ತಿದ್ದ. ಗಟ್ಟಿ ನೆಲವೇ ನೀರಾಗುವ ಊರಲ್ಲಿ ಅಪ್ಪ ಏನು ಮಾಡುತ್ತಿದ್ದನೋ ಅಂತ ಅಂದು ಅನ್ನಿಸಿತು.

ಈ ಹೊತ್ತಿಗೆ ಥರ್ಮಾಮೀಟರ್ ಕೊಳವೆಯೊಳಗೆ ಇಳಿಸಿ. ಎರಡನೇ ಡಬ್ಬಿಯಲ್ಲಿ ಅದು ಸೊನ್ನೆಗೆ ಬಂದು ಅಲ್ಲೇ ಕೂತುಬಿಡುತ್ತದೆ. ಬಿಸಿನೀರು ಎಷ್ಟು ಸಲ ಬದಲಿಸಿದರೂ ಏಳುವುದಿಲ್ಲ. ಬಂದ ಬಿಸಿಯೆಲ್ಲ ಐಸ್ ಕರಗಿಸುವುದಕ್ಕೇ ಖರ್ಚಾಗುತ್ತಿದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಬದಲಿಸಬೇಡಿ.

ಮೂರನೇ ಡಬ್ಬಿ ಮತ್ತು ಯಾಕುತ್ಸ್ಕ್

ಮೂರನೇ ಡಬ್ಬಿಯ ಬಟ್ಟಲು ಒಂದು ತಾಸಾದರೂ ಕದಲಲಿಲ್ಲ. ಬಿಸಿ ನೆಲಕ್ಕೆ ಇಳಿಯುವ ಮುಂಚೆ ನಡುವಿನ ಗಾಳಿ ಅದನ್ನು ಒಯ್ಯುತ್ತಿತ್ತು. ಸೈಬೀರಿಯಾದ ಯಾಕುತ್ಸ್ಕ್ ನಗರದ ದೊಡ್ಡ ಕಟ್ಟಡಗಳು ನಿಂತಿರುವುದು ಹೀಗೇ. ಕಂಬಗಳನ್ನು ಹೆಪ್ಪುಗಟ್ಟಿದ ನೆಲಕ್ಕೆ ಆಳವಾಗಿ ಇಳಿಸಿ, ಮೇಲೆ ಆಳೆತ್ತರ ಜಾಗ ಬಿಟ್ಟು ಮನೆ ಕಟ್ಟುತ್ತಾರೆ. ಚಳಿಗಾಲದ ಗಾಳಿ ಮನೆಯ ಕೆಳಗೆ ನುಗ್ಗಿ ನೆಲವನ್ನು ಇನ್ನೂ ಗಟ್ಟಿ ಮಾಡುತ್ತದೆ. ನೀರಿನ ಪೈಪುಗಳೂ ನೆಲದ ಮೇಲೆಯೇ, ಬಟ್ಟೆ ಸುತ್ತಿಕೊಂಡ ಹಾವಿನ ಹಾಗೆ ಊರೆಲ್ಲ ಓಡಾಡುತ್ತವೆ.

ಅದೇ ಊರಿನ ಒಂದು ಬಾವಿಯ ಕಥೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಫ್ಯೋದೊರ್ ಶೆರ್ಗಿನ್ ಅಂತ ಒಬ್ಬ ವ್ಯಾಪಾರದ ಕಂಪನಿಯವನು 1828ರಲ್ಲಿ ಬಾವಿ ತೋಡಿಸಲು ಶುರು ಮಾಡಿದ. ಹೆಪ್ಪುಗಟ್ಟಿದ ಮಣ್ಣೇ ಬಂತು, ನೀರು ಬರಲಿಲ್ಲ. ಇನ್ನಷ್ಟು ತೋಡಿಸಿದ. 1837ರ ಹೊತ್ತಿಗೆ 116 ಮೀಟರ್ ಆಳ ಆಗಿತ್ತು. ಅಂದರೆ 380 ಅಡಿ, ಎಲ್ಲ ಕೈಯಿಂದಲೇ. ಆಗಲೂ ತಳ ಗಟ್ಟಿ! ಬೋರ್‌ವೆಲ್ ಹಾಕಿಸಿ ಬರೀ ಧೂಳು ಕಂಡವರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಶೆರ್ಗಿನ್ನನ ಹೊಟ್ಟೆಯುರಿ ಅವರಿಗೆ ತಕ್ಷಣ ಅರ್ಥ ಆಗುತ್ತದೆ. ಆದರೆ ಆ ಬಾವಿ ದಂಡ ಆಗಲಿಲ್ಲ. 1844ರಲ್ಲಿ ಮಿಡ್ಡೆನ್‌ಡಾರ್ಫ್ ಅನ್ನುವ ವಿಜ್ಞಾನಿ ಅದರೊಳಗೆ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದ. ಕೆಳಗೆ ಹೋದಂತೆ ಚಳಿ ಸ್ವಲ್ಪ ಸ್ವಲ್ಪ ಕಡಿಮೆಯಾಗುವುದು ಕಂಡಿತು. ಭೂಮಿಯ ಒಳಗಿನ ಬಿಸಿ ಕೆಳಗಿನಿಂದ ಬರುತ್ತಿದೆ, ಮೇಲಿನ ಚಳಿ ಮೇಲಿನಿಂದ ಇಳಿಯುತ್ತಿದೆ. ಎರಡೂ ಸರಿಸಮ ಆಗುವ ಆಳದಲ್ಲಿ ಹೆಪ್ಪು ಮುಗಿಯುತ್ತದೆ. ಸೈಬೀರಿಯಾದ ಕೆಲವು ಕಡೆ ಅದು ಸುಮಾರು 1500 ಮೀಟರ್ ಆಳದಲ್ಲಿದೆ.

ಅಲಾಸ್ಕಾದಲ್ಲಿ 1977ರಲ್ಲಿ ಮುಗಿದ ತೈಲದ ಪೈಪ್‌ಲೈನು ಸುಮಾರು 1290 ಕಿ.ಮೀ. ಉದ್ದ ಇದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಬಗಳ ಮೇಲೆ ಹೋಗುತ್ತದೆ. ಬಿಸಿ ಎಣ್ಣೆಯ ಪೈಪನ್ನು ಹೂತರೆ ನಮ್ಮ ಎರಡನೇ ಡಬ್ಬಿಯ ಗತಿಯೇ. ಬಹಳಷ್ಟು ಕಂಬಗಳೊಳಗೆ ಅಮೋನಿಯಾ ತುಂಬಿದ ಕೊಳವೆಗಳಿವೆ. ಅನ್ನದ ಪಾತ್ರೆಯಲ್ಲಿ ಹಬೆ ಎದ್ದು, ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಇಳಿಯುತ್ತದಲ್ಲ, ಅದೇ ಕೆಲಸ. ನೆಲದ ಬಿಸಿಗೆ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಹೊರಗಿನ ಚಳಿಗೆ ದ್ರವವಾಗಿ ಇಳಿಯುತ್ತದೆ, ಹೀಗೆ ನೆಲದ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಮೋಟರ್ ಇಲ್ಲ, ಕರೆಂಟ್ ಇಲ್ಲ. ಬೇಸಿಗೆಯಲ್ಲಿ ಹೊರಗೆ ಬಿಸಿ ಇರುವಾಗ ತಾನೇ ನಿಂತುಬಿಡುತ್ತದೆ. ಟಿಬೆಟಿಗೆ ಹೋಗುವ ರೈಲು ದಾರಿಯಲ್ಲೂ ಇಂಥ ಕೊಳವೆಗಳಿವೆ. 2006ರಲ್ಲಿ ಲ್ಹಾಸಾದವರೆಗೆ ರೈಲು ಬಂದ ಆ ದಾರಿ ಸುಮಾರು 550 ಕಿ.ಮೀ. ಇಂಥ ನೆಲದ ಮೇಲೇ ಓಡುತ್ತದೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎರಡು ತಾಸು ಆಗಿತ್ತು. ನೋಡಿದರೆ ಮೂರನೇ ಡಬ್ಬಿಯ ಬಟ್ಟಲೂ ವಾಲಿತ್ತು! ನನಗೆ ಗಾಬರಿ. ಪ್ರಯೋಗ ಕೆಟ್ಟಿತು ಅಂದುಕೊಂಡೆ. ಆಮೇಲೆ ಹೊಳೆಯಿತು. ಕಡ್ಡಿಗಳು ಮನೆಯ ಬಿಸಿಯಿಂದ ನೆಲವನ್ನು ಕಾಪಾಡುತ್ತವೆ, ಊರಿನ ಬಿಸಿಯಿಂದಲ್ಲ. ಕ್ಲಾಸಿನ ಗಾಳಿಯೇ 36 ಡಿಗ್ರಿ ಇರುವಾಗ ಕಡ್ಡಿ ಏನು ಮಾಡೀತು? ಹಾಗಾಗಿ ಮೂರನೇ ಡಬ್ಬಿಯನ್ನು ಬೇಗ ಎತ್ತಿಡಬೇಡಿ. ಅದು ವಾಲುವವರೆಗೆ ಕಾಯಿರಿ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್ ಹತ್ತಿರ ಒಂದು ಡೀಸೆಲ್ ಟ್ಯಾಂಕಿನ ಕೆಳಗಿನ ಕಂಬಗಳು ಕುಸಿದು 20,000 ಟನ್ನಿಗಿಂತ ಜಾಸ್ತಿ ಎಣ್ಣೆ ಹೊರಗೆ ಹರಿಯಿತು. ನೆಲ ಕರಗಿದ್ದು ಒಂದು ಕಾರಣ ಅಂದರು, ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಲೂ ಅಂದರು. ಹತ್ತಿರದ ನದಿ ಕೆಂಪಾಗಿ ಹರಿದ ಚಿತ್ರಗಳನ್ನು ನೀವೂ ನೋಡಿರಬಹುದು.

ನೀಲಿ ಗೆರೆ ಯಾಕೆ

ಮಾರ್ಚ್ ತಿಂಗಳಲ್ಲಿ ಜೋಳ ಕಿತ್ತ ಮೇಲೆ ನಮ್ಮ ಎರೆ ಹೊಲ ಹೇಗಿರುತ್ತದೆ? ಮೊಣಕೈವರೆಗೆ ಕೈ ಹೋಗುವಂಥ ಬಿರುಕು, ಹೊಲದ ತುಂಬ ಜಾಲ. ಸೈಬೀರಿಯಾದ, ಅಲಾಸ್ಕಾದ ಬಯಲಿನಲ್ಲೂ ಇಂಥ ಜಾಲ ಇದೆ. ಆದರೆ ಅಲ್ಲಿ ಜಾಲದ ಒಂದೊಂದು ಕಣ್ಣಿನ ಅಗಲ ಹತ್ತಿಪ್ಪತ್ತು ಮೀಟರ್. ನಮ್ಮದು ಒಣಗಿ ಬಿರಿಯುತ್ತದೆ, ಅಲ್ಲಿನದು ಚಳಿಗೆ ಕುಗ್ಗಿ ಬಿರಿಯುತ್ತದೆ. ನಮ್ಮ ಬಿರುಕು ಮಳೆ ಬಂದರೆ ಮುಚ್ಚುತ್ತದೆ. ಅಲ್ಲಿ ಬೇಸಿಗೆ ಶುರುವಿನಲ್ಲಿ ಕರಗಿದ ನೀರು ಬಿರುಕಿಗೆ ಇಳಿದು, ಒಳಗಿನ ಚಳಿಗೆ ಅಲ್ಲೇ ಗಡ್ಡೆಯಾಗುತ್ತದೆ. ಮುಂದಿನ ಚಳಿಗಾಲ ಅದೇ ಜಾಗ ಮತ್ತೆ ಬಿರಿಯುತ್ತದೆ, ಮತ್ತೆ ನೀರು, ಮತ್ತೆ ಗಡ್ಡೆ. ವರ್ಷಕ್ಕೆ ಕೂದಲೆಳೆಯಷ್ಟೋ ಕಡ್ಡಿಯಷ್ಟೋ ದಪ್ಪ ಏರುತ್ತಾ, ಸಾವಿರಾರು ವರ್ಷಕ್ಕೆ ಆಳೆತ್ತರ ಮೀರಿದ ಮಂಜಿನ ಬೆಣೆಯಾಗುತ್ತದೆ. ನಮ್ಮ ನೀಲಿ ಗೆರೆ ಆ ಬೆಣೆ. ಅದು ಕರಗಿದಾಗ ಅಲ್ಲೊಂದು ಕಾಲುವೆಯೇ ಬೀಳುವುದನ್ನು ಮಕ್ಕಳಿಗೆ ತೋರಿಸಿ. ಸೈಬೀರಿಯಾದ ಬಟಗಾಯ್ ಹತ್ತಿರ ಕಾಡು ಕಡಿದ ಜಾಗದಲ್ಲಿ ನೆಲ ಹೀಗೇ ಕುಸಿಯುತ್ತಾ, ಈಗ ಸುಮಾರು ಒಂದು ಕಿ.ಮೀ. ಉದ್ದದ ಹೊಂಡವಾಗಿದೆ. ಇನ್ನೂ ಬೆಳೆಯುತ್ತಿದೆ.

ಕಾಡು ಕಡಿದರೆ ಯಾಕೆ ಕುಸಿಯಬೇಕು ಅಂತ ಕೇಳುತ್ತಾರೆ. ಅದಕ್ಕೊಂದು ಸಣ್ಣ ಪ್ರಯೋಗ ಇದೆ. ಇನ್ನೊಂದು ಡಬ್ಬಿ ಹೆಪ್ಪು ಹಾಕಿ, ಅರ್ಧಕ್ಕೆ ಒಂದು ಬೆರಳು ದಪ್ಪ ಕಟ್ಟಿಗೆ ಹೊಟ್ಟು ಹರವಿ, ಅರ್ಧ ಬರಿದೇ ಬಿಟ್ಟು ಬಿಸಿಲಿಗಿಡಿ. ಬರಿದಾದ ಅರ್ಧ ರಾಡಿಯಾದಾಗಲೂ ಹೊಟ್ಟಿನ ಕೆಳಗಿನದು ಗಟ್ಟಿಯಿರುತ್ತದೆ. ಬರ್ಫದವನು ಗಡ್ಡೆಯನ್ನು ಹೊಟ್ಟಿನಲ್ಲಿ ಮುಚ್ಚಿಡುವುದು ಇದಕ್ಕೇ ಅಲ್ವಾ? ಅಲ್ಲಿ ಪಾಚಿ, ಎಲೆ, ಮರದ ನೆರಳು ಮಾಡುವ ಕೆಲಸವನ್ನೇ ಇಲ್ಲಿ ಹೊಟ್ಟು ಮಾಡುತ್ತದೆ.

ಚಳಿಗೆ ನೆಲ ಮೇಲೆದ್ದು ಕಂಬಗಳನ್ನು ಕಿತ್ತು ಹಾಕುವ ಸಂಗತಿಯೂ ಇದೆ. ಅದನ್ನು ಮನೆಯ ಫ್ರಿಜ್ಜಿನಲ್ಲಿ ತೋರಿಸಲು ಹೋಗಬೇಡಿ. ಮೇಲಿನಿಂದ ಮಾತ್ರ ತಣ್ಣಗಾಗಬೇಕು, ಕೆಳಗಿನಿಂದ ನೀರು ಸಿಗುತ್ತಿರಬೇಕು. ನಾನು ಎರಡು ಭಾನುವಾರ ಹಾಳು ಮಾಡಿಕೊಂಡೆ.

ಕೆಡದ ಬುತ್ತಿ

"ಸರ, ಅದರಾಗ ಇಟ್ಟದ್ದು ಕೆಡೂದಿಲ್ಲೇನ್ರಿ?" ಈ ಪ್ರಶ್ನೆ ಬಂದೇ ಬರುತ್ತದೆ. ಹಗೇವಿನಲ್ಲಿ ಜೋಳ ಇಡುತ್ತಿದ್ದ ನಾಡು ನಮ್ಮದು. ನಮ್ಮ ಅಜ್ಜನ ಮನೆಯ ಮುಂದೆ ಒಂದು ಹಗೇವು ಇತ್ತು. ವರ್ಷಗಟ್ಟಲೆ ಜೋಳ ಕೆಡದೆ ಇರುತ್ತಿತ್ತು. ಅಲಾಸ್ಕಾದ ಉತ್ತರದ ಜನ ಹೆಪ್ಪುಗಟ್ಟಿದ ನೆಲದಲ್ಲಿ ಹೀಗೇ ಹಗೇವು ತೋಡಿ ತಿಮಿಂಗಿಲದ ಮಾಂಸ ಇಡುತ್ತಾ ಬಂದಿದ್ದಾರೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಲ್ಲಿ ಬೆಟ್ಟದೊಳಗೆ ಶುರುವಾದ ಬೀಜದ ಉಗ್ರಾಣವೂ ಒಂದು ದೊಡ್ಡ ಹಗೇವೇ. ಹೈದರಾಬಾದಿನ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ಕಡಲೆ ಬೀಜಗಳು ಅಲ್ಲಿ ಇವೆ ಅಂದಾಗ ಮಕ್ಕಳ ಕಣ್ಣು ಅರಳಿತು. ನಮ್ಮ ಊಟದ ಜೋಳ ಉತ್ತರ ಧ್ರುವದ ಹತ್ತಿರ!

2007ರಲ್ಲಿ ರಷ್ಯಾದ ಯಮಾಲ್ ಅನ್ನುವ ಕಡೆ ಹಿಮಸಾರಂಗ ಮೇಯಿಸುವವನಿಗೆ ಒಂದು ಮ್ಯಾಮತ್ ಮರಿ, ಅಂದರೆ ಈಗ ಅಳಿದುಹೋಗಿರುವ ಕೂದಲಿನ ಆನೆಯ ಮರಿ, ಸಿಕ್ಕಿತು. ಸತ್ತು ಸುಮಾರು 42,000 ವರ್ಷ ಆಗಿತ್ತು. ಚರ್ಮ, ಸೊಂಡಿಲು ಎಲ್ಲ ಹಾಗೇ ಇತ್ತು. ಲ್ಯೂಬಾ ಅಂತ ಹೆಸರಿಟ್ಟರು. ಆದರೆ ಅಲ್ಲಿ ಕೆಡದೆ ಇರುವುದು ಮ್ಯಾಮತ್ ಒಂದೇ ಅಲ್ಲ. ಸಾವಿರಾರು ವರ್ಷದ ಬೇರು, ಎಲೆ, ಹುಲ್ಲು ಎಲ್ಲ ಅರೆ ಕೊಳೆತು ನಿಂತಿದೆ. ಅದರಲ್ಲಿರುವ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್. ಈಗ ಗಾಳಿಯಲ್ಲಿ ಇರುವುದರ ಹತ್ತಿರ ಹತ್ತಿರ ಎರಡು ಪಟ್ಟು. ಕರಗಿದರೆ ಸೂಕ್ಷ್ಮಜೀವಿಗಳು ಎದ್ದು ಊಟಕ್ಕೆ ಕೂರುತ್ತವೆ. ಅವು ತಿಂದ ಇಂಗಾಲ ಕಾರ್ಬನ್ ಡೈಆಕ್ಸೈಡ್, ಮೀಥೇನ್ ಅನಿಲವಾಗಿ ಗಾಳಿಗೆ ಸೇರುತ್ತದೆ.

ಇದನ್ನು ತೋರಿಸಲು ಎರಡು ಬಾಟಲಿ ಸಾಕು. ಎರಡಕ್ಕೂ ಹಸಿ ಮಣ್ಣು, ಹೆಚ್ಚಿದ ಎಲೆ, ಒಂದು ಚಮಚ ಸಗಣಿ ನೀರು ಹಾಕಿ ಬಾಯಿಗೆ ಬಲೂನು ಕಟ್ಟಿ. ಒಂದು ಫ್ರೀಜರಿನಲ್ಲಿ, ಒಂದು ಕಿಟಕಿಯ ಹತ್ತಿರ. ಐದಾರು ದಿನಕ್ಕೆ ಕಿಟಕಿಯ ಬಲೂನು ಮೆಲ್ಲಗೆ ತಲೆ ಎತ್ತುತ್ತದೆ. ಫ್ರೀಜರಿನದು ಜೋತೇ ಇರುತ್ತದೆ. ಬಿಚ್ಚುವಾಗ ಹೊರಗೆ ಒಯ್ದು ಬಿಚ್ಚಿ. ಈ ಸಲ ಸಗಣಿ ಫ್ರಿಜ್ಜಿಗೆ ಹೋಗುತ್ತದೆ ಅಂತ ಮನೆಯಲ್ಲಿ ಮುಂಚೆಯೇ ಹೇಳಿದ್ದೆ. ಶಾಲೆಯ ಅಡುಗೆಯವರಿಗೆ ಪರಿಚಯ ಇರುವ ಐಸ್‌ಕ್ಯಾಂಡಿ ಅಂಗಡಿಯಲ್ಲಿ ಇಡಿಸಿಕೊಳ್ಳಿ ಅಂತ ಉತ್ತರ ಬಂತು.

ಒಂದು ಮಾತು ಕ್ಲಾಸಿನಲ್ಲಿ ತಾನಾಗಿ ಬಂತು. ಅಲಾಸ್ಕಾದ ನ್ಯೂಟಾಕ್ ಅನ್ನುವ ಹಳ್ಳಿಯ ಕೆಳಗಿನ ನೆಲ ಕರಗಿ, ಪಕ್ಕದ ನದಿ ಅದನ್ನು ಕೊರೆದು ತಿನ್ನುತ್ತಾ ಬಂತು. 2019ರಿಂದ ಅಲ್ಲಿನ ಮನೆಮಂದಿ ಮೆರ್ಟಾರ್ವಿಕ್ ಅನ್ನುವ ಹೊಸ ಊರಿಗೆ ಹೋದರು. ನಾನು ಇಷ್ಟು ಹೇಳಿದ್ದೇ ತಡ, ಹಿಂದಿನ ಬೆಂಚಿನವನು "ನವನಗರ ಇದ್ದ್ಹಂಗ" ಅಂದ. ಅವನ ಅಜ್ಜಿಯ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಬಾಗಿಲು, ಚೌಕಟ್ಟು ಬಿಚ್ಚಿಕೊಂಡು, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದವರು ಅವರು. ಕಾರಣ ಬೇರೆ, ನೀರು ಬೇರೆ. ಆದರೆ ಆ ಹೊತ್ತು ಯಾರೂ ನಗಲಿಲ್ಲ. ನಾನೂ ಮುಂದಿನ ಪುಟಕ್ಕೆ ಹೋಗಲು ಅವಸರ ಮಾಡಲಿಲ್ಲ.

ಎಲ್ಲ ಮುಗಿದ ಮೇಲೆ ಕೆಸರನ್ನು ಬಚ್ಚಲಿಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ. ಮೂರೂ ಡಬ್ಬಿಗಳನ್ನು ಹಾಗೇ ನಾಲ್ಕು ದಿನ ಬಿಸಿಲಿಗೆ ಇಡಿ. ಎರಡನೆಯದರಲ್ಲಿ ಬಟ್ಟಲು ಕೂತ ಜಾಗ ಗುಳಿಯಾಗಿ ಒಣಗುತ್ತದೆ, ನೀಲಿ ಗೆರೆಯಿದ್ದ ಕಡೆ ಉದ್ದಕ್ಕೂ ಬಿರುಕು ಉಳಿಯುತ್ತದೆ. ಅದನ್ನು ಮತ್ತೆ ಫ್ರೀಜರಿಗೆ ಇಟ್ಟರೆ ಮೊದಲಿನ ಹಾಗೆ ಎದ್ದೀತಾ ಅಂತ ಮಕ್ಕಳು ಕೇಳಿದರೆ, ನೀವೇ ಹೇಳಬೇಡಿ. ನೀರು ಚಿಮುಕಿಸಿ ಇಟ್ಟು ನೋಡಲಿ. ಆ ಮಣ್ಣನ್ನು ಆಮೇಲೆ ಶಾಲೆಯ ಕರಿಬೇವಿನ ಬುಡಕ್ಕೆ ಹಾಕಿ. ಡಬ್ಬಿಗಳನ್ನು ತೊಳೆದು ಅಡುಗೆಮನೆಗೆ ವಾಪಸ್ ಕೊಡುವುದು ಬೇಡ, ಅವರು ತಗೊಳ್ಳುವುದಿಲ್ಲ.